ಮನ್ಮಥಪ್ಪನವರ ಉಪೋಷಣ

ಉಮರ್ಗಾದಲ್ಲಿ ನಳಕ್ಕೆ ನೀರು ಬಂತೆಂದರೆ ಯಾರಿಗೂ ಬೇರೇನೂ ನೆನಪಿರುವುದಿಲ್ಲ. ಜಪಕ್ಕೆ ಕುಳಿತವರು ಜಪ ಬಿಟ್ಟು, ಜಗಳಕ್ಕೆ ನಿಂತವರು ಜಗಳ ಬಿಟ್ಟು ಕೊಡ ಹಿಡಿದು ಓಡುತ್ತಾರೆ. ಆ ಬುಧವಾರ ಬೆಳಿಗ್ಗೆ ಓಣಿಯಲ್ಲಿ "ನಳಾ ಬಂತು" ಎಂಬ ಕೂಗು ಎದ್ದಾಗ ಪಾತ್ರೆ ಅಂಗಡಿಯ ಮನ್ಮಥಪ್ಪನವರೂ ಓಡಿದರು. ಕೊಡ, ಬಕೆಟ್ಟು, ಹಂಡೆ ಎಲ್ಲ ತುಂಬಿಸಿ, ಸ್ನಾನ ಮುಗಿಸಿ, ಗೂಟದಲ್ಲಿದ್ದ ಒಳಂಗಿ ತೊಟ್ಟು, ಪೂಜೆಗೆಂದು ಮಣೆಯ ಮೇಲೆ ಕುಳಿತು ಎದೆ ಮುಟ್ಟಿಕೊಂಡರೆ ಅಲ್ಲಿ ಲಿಂಗವಿರಲಿಲ್ಲ.

ಹುಟ್ಟಿದಾಗ ಗುರುಗಳು ಕಟ್ಟಿದ ಲಿಂಗ. ಬೆಳ್ಳಿಯ ಗುಂಡಗಡಗಿಯೊಳಗೆ ಕುಳಿತು, ಶಿವದಾರದಲ್ಲಿ ತೂಗುತ್ತ, ಅವರ ಹೊಟ್ಟೆ ಬೆಳೆದಂತೆಲ್ಲ ತಾನೂ ಸ್ವಲ್ಪ ಸ್ವಲ್ಪ ಮುಂದಕ್ಕೆ ಬಂದ ಲಿಂಗ. ಮಣೆಯ ಸುತ್ತ ಹುಡುಕಿದರು, ಬಚ್ಚಲಲ್ಲಿ ಹುಡುಕಿದರು, ತುಂಬಿದ ಹಂಡೆಯೊಳಗೆ ಮೊಣಕೈವರೆಗೆ ಕೈ ಬಿಟ್ಟು ತಡಕಿದರು. ಎಲ್ಲೂ ಇಲ್ಲ. ಲಿಂಗ ಮೈಮೇಲಿಲ್ಲದಾಗ ತೊಟ್ಟು ನೀರೂ ಗಂಟಲಿಗೆ ಇಳಿಯಬಾರದು ಎಂಬುದು ಅವರ ಮನೆತನದ ಕಟ್ಟಳೆ. ಹೆಂಡತಿಯನ್ನು ಕೂಗಿ ಕೇಳಬಹುದಿತ್ತು. ಕೇಳದಿರುವುದಕ್ಕೆ ಕಾರಣ ಕಲ್ಯಾಣಪ್ಪ.

ಕಲ್ಯಾಣಪ್ಪನದು ಮನ್ಮಥಪ್ಪನವರ ಅಂಗಡಿಯ ಎದುರಿಗೇ ಟೈಲರ್ ಅಂಗಡಿ. ಹಿಂದಿನ ಸೋಮವಾರ ಅವನು ಲಿಂಗವನ್ನು ಬಚ್ಚಲುಮನೆಯ ಗೂಟದಲ್ಲಿ ಮರೆತು ಮಠಕ್ಕೆ ಬಂದುಬಿಟ್ಟಿದ್ದ. ಅದನ್ನು ಪತ್ತೆ ಮಾಡಿದವರು ಮನ್ಮಥಪ್ಪನವರು. ಪ್ರಸಾದದ ಪಂಕ್ತಿಯಿಂದ ಅವನನ್ನು ಎಬ್ಬಿಸಿದವರೂ ಅವರೇ. ಎಬ್ಬಿಸಿ ಸುಮ್ಮನಾಗದೆ, ಲಿಂಗವನ್ನೇ ಕಾಪಾಡಿಕೊಳ್ಳದವನು ಮಾತನ್ನು ಹೇಗೆ ಕಾಪಾಡಿಕೊಂಡಾನು ಎಂದು ಅನ್ನ ಆರಿ ಹೋಗುವವರೆಗೆ ಭಾಷಣ ಮಾಡಿದ್ದರು. ಹೆಂಡತಿ ಮೀರಾಬಾಯಿ ಹೆಂಗಸರ ಪಂಕ್ತಿಯಲ್ಲಿ ಕುಳಿತು ಅದನ್ನೆಲ್ಲ ಕೇಳಿದ್ದರು. ಈಗ ಅವರೆದುರು ಬಾಯಿಬಿಟ್ಟರೆ ವಿಷಯ ನಳದ ಮುಂದಿನ ಸರದಿಯಲ್ಲಿ ಓಣಿ ದಾಟುವುದು ಖಂಡಿತವಾಗಿತ್ತು.

"ಸುಶೀಲಾ ಮಾಡೀನಿ. ಬರ್ರಿ, ಆರ್ತದ," ಎಂದು ಮೀರಾಬಾಯಿ ಒಳಗಿನಿಂದ ಕರೆದರು. ಮಂಡಕ್ಕಿ ನೆನೆಸಿ, ಶೇಂಗಾ, ಹಸಿಮೆಣಸಿನಕಾಯಿ ಹಾಕಿ ಅವರು ಮಾಡುವ ಸುಶೀಲಾ ಇಡೀ ಓಣಿಗೆ ಗೊತ್ತಿರುವ ತಿಂಡಿ. ಒಗ್ಗರಣೆಯ ವಾಸನೆಗೆ ಮನ್ಮಥಪ್ಪನವರ ಹೊಟ್ಟೆ ಒಮ್ಮೆ ಗುರ್ರೆಂದಿತು.

"ಇವತ್ತ ನನಗ ಉಪಾಸ ಅದ," ಎಂದರು.

"ಬುಧವಾರ ಎಂಥಾ ಉಪಾಸ್ರೀ?"

"ಹರಕಿ."

"ಯಾವಾಗ ಹೊತ್ತಿದ್ರಿ?"

"ಹೊತ್ತಿದ್ದೆ," ಎಂದು ಹೇಳಿ, ಅಂಗಿಯ ಗುಂಡಿಯನ್ನು ಗಂಟಲವರೆಗೆ ಹಾಕಿಕೊಂಡು ಹೊರಬಿದ್ದರು. ಹರಕೆ ಎಂದ ಮೇಲೆ ಮೀರಾಬಾಯಿ ಒತ್ತಾಯಿಸುವವರಲ್ಲ. ದೇವರ ವಿಷಯದಲ್ಲಿ ಗಂಡನನ್ನು ನಂಬುವುದು ಅವರಿಗೆ ರೂಢಿಯಾಗಿತ್ತು.

ಮನ್ಮಥಪ್ಪನವರಿಗೆ ಸತ್ಯ ಎಂದರೆ ಬಲು ಪ್ರೀತಿ. ಅಂಗಡಿಯಲ್ಲಿ ಪಾತ್ರೆಯ ಮೇಲೆ ಹೆಸರು ಕೊರೆಯುವ ಯಂತ್ರವಿತ್ತು. ಹೆಸರು ಕೊರೆದು ಮುಗಿಯುವವರೆಗೆ ಗಿರಾಕಿ ಎದ್ದು ಹೋಗುವಂತಿರಲಿಲ್ಲ, ಅಷ್ಟು ಹೊತ್ತು ಅವನಿಗೆ ಉಪದೇಶ. "ಸುಳ್ಳು ಅಂದ್ರ ಕಲಾಯಿ ಇದ್ದಂಗ. ನಾಕ್ ಸಲ ತಿಕ್ಕಿದ್ರ ಒಳಗಿನ ತಾಮ್ರ ಕಾಣ್ತದ," ಎಂಬುದು ಅವರ ಸ್ವಂತದ ಮಾತು. ಉದ್ದ ಹೆಸರಿನವರಿಗೆ ಹೆಚ್ಚು ಉಪದೇಶ ಸಿಗುತ್ತಿತ್ತು. ಹೀಗಾಗಿ ಬುದ್ಧಿವಂತರು ತಮ್ಮ ಹೆಸರನ್ನು ಎರಡಕ್ಷರಕ್ಕೆ ಇಳಿಸಿಕೊಂಡು ಬರುತ್ತಿದ್ದರು.

ಅಂಗಡಿಯ ಮುಂದಿನ ಕಟ್ಟೆ ಅವರ ಇನ್ನೊಂದು ಪ್ರೀತಿ. ಅಂಗಡಿಯ ನೆಲ ಓಣಿಗಿಂತ ಎದೆಮಟ್ಟ ಎತ್ತರ. ಮೊದಲು ಏರುವುದಕ್ಕೆಂದು ಮೆಟ್ಟಿಲು ಕಟ್ಟಿಸಿದರು, ಆಮೇಲೆ ಮೆಟ್ಟಿಲ ಪಕ್ಕ ಕೊಡಗಳನ್ನು ಜೋಡಿಸಲೆಂದು ಕಟ್ಟೆ, ಕಟ್ಟೆಗೆ ಬಿಸಿಲು ತಾಗದಿರಲೆಂದು ತಗಡು. ಹೀಗೆ ಅಂಗಡಿ ಮೆಲ್ಲಗೆ ಓಣಿಯೊಳಗೆ ನಡೆದುಬಂದಿತ್ತು. ಎದುರಿನಿಂದ ಕಲ್ಯಾಣಪ್ಪನ ಅಂಗಡಿಯೂ ಹಾಗೆಯೇ ಬಂದಿತ್ತು. ನಡುವೆ ಉಳಿದ ಸಂದಿಯಲ್ಲಿ ಎರಡು ಬೈಕು ಎದುರಾದರೆ ಒಂದು ಹಿಂದಕ್ಕೆ ಹೋಗಬೇಕು. ಯಾವುದು ಹೋಗಬೇಕು ಎಂಬುದರ ಮೇಲೆ ದಿನವೂ ಒಂದು ಜಗಳ.

ಬಾಗಿಲು ತೆಗೆಯುವಷ್ಟರಲ್ಲಿ ಕಲ್ಯಾಣಪ್ಪ ಎರಡು ಕಪ್ಪು ಚಹಾ ಹಿಡಿದು ಬಂದ. ಸೋಮವಾರದ ಅವಮಾನವಾದ ಮೇಲೆ ಅವನು ಮನ್ಮಥಪ್ಪನವರಿಗೆ ಎಂದಿಗಿಂತ ಹೆಚ್ಚು ಮರ್ಯಾದೆ ಕೊಡುತ್ತಿದ್ದ. ಯಾವತ್ತಾದರೂ ಒಂದು ದಿನ ಸಿಕ್ಕಿಬೀಳುತ್ತಾರೆಂದು ಹತ್ತಿರವೇ ಇರುವುದು ಅವನ ಲೆಕ್ಕ.

"ಚಾ ತಗೋರಿ."

"ಬ್ಯಾಡ."

"ಸಕ್ರಿ ಕಮ್ಮಿ ಹಾಕ್ಸೀನ್ರೀ."

"ಉಪಾಸ ಅದ, ಕಲ್ಯಾಣಪ್ಪ."

"ಉಪಾಸಕ್ಕ ಚಾ ನಡೀತದಲ್ರೀ. ನೀರು?"

"ನೀರೂ ಇಲ್ಲ."

ಉಮರ್ಗಾದಲ್ಲಿ ಚಹಾ ಬೇಡ ಎಂದವರನ್ನು ಡಾಕ್ಟರ ಹತ್ತಿರ ಕರೆದೊಯ್ಯುವುದುಂಟು. ಕಲ್ಯಾಣಪ್ಪ ಅವರ ಮುಖ ನೋಡಿದ, ಗಂಟಲವರೆಗೆ ಹಾಕಿದ ಗುಂಡಿ ನೋಡಿದ. ಅವನ ಕಣ್ಣು ಗುಂಡಿಯ ಮೇಲೆಯೇ ನಿಂತದ್ದನ್ನು ಕಂಡು ಮನ್ಮಥಪ್ಪನವರು, ತುರ್ತು ಕೆಲಸವಿದೆಯೆಂದು ಬಾಗಿಲು ಅರ್ಧ ಎಳೆದು ಹೊರಟುಬಿಟ್ಟರು. ಊರ ಮಠದ ಸ್ವಾಮಿಗಳು ನಿಲಂಗಾದ ಮಠಕ್ಕೆ ಹೋಗಿದ್ದರು. ಅಲ್ಲಿಗೇ ಹೋಗಿ, ಗುಟ್ಟಾಗಿ ಕಾಲಿಗೆ ಬಿದ್ದು, ಬೇರೆ ಲಿಂಗ ಕಟ್ಟಿಸಿಕೊಂಡು ಕತ್ತಲಾಗುವುದರೊಳಗೆ ಬಂದರೆ ಸೈ. ಯಾರಿಗೂ ತಿಳಿಯುವುದಿಲ್ಲ.

ಬಸ್ ನಿಲ್ದಾಣದ ದಾರಿಯಲ್ಲಿ ಬಿಸಿಲು ನೆತ್ತಿಗೇರಿತು. ಎಡಪಕ್ಕೆಯಲ್ಲಿ ಏನೋ ಚುಚ್ಚತೊಡಗಿತು. ಹಸಿದ ಹೊಟ್ಟೆಗೆ ಗ್ಯಾಸು ತುಂಬಿದೆ ಎಂದುಕೊಂಡರು. ಸರ್ಕಾರಿ ಕಚೇರಿಯ ಗೇಟಿನ ಪಕ್ಕ ಒಂದು ದೊಡ್ಡ ಬೇವಿನ ಮರ, ಅದರ ಕೆಳಗೆ ಹಾಸಿದ ಸತರಂಜಿ. ಕಣ್ಣಿಗೆ ಕತ್ತಲೆ ಬಂದಂತಾಗಿ ಅದರ ಮೇಲೆ ಕುಳಿತುಬಿಟ್ಟರು.

ಅವರು ಕೂಡಬಾರದ ಜಾಗ ಊರಿನಲ್ಲಿ ಒಂದೇ ಇತ್ತು, ಅದು ಇದು. ಸರ್ಕಾರದಿಂದ ಏನಾದರೂ ಆಗಬೇಕಾದವರು ಊಟ ಬಿಟ್ಟು ಕೂಡುವುದಕ್ಕೆ ಈ ಕಡೆ ಉಪೋಷಣ ಎನ್ನುತ್ತಾರೆ, ಉಪೋಷಣ ನಡೆಯುವುದು ಆ ಬೇವಿನ ಮರದ ಕೆಳಗೆ. ಹಿಂದಿನ ವಾರದವರು ಎದ್ದು ಹೋಗುವಾಗ ಸತರಂಜಿ ಬಿಟ್ಟು ಹೋಗಿದ್ದರು, ಮುಂದಿನವರಿಗೆ ಬೇಕಾಗುತ್ತದೆ ಎಂದು.

ಮಾಕಣಿಯ ಮಲ್ಲಣ್ಣ ಅಲ್ಲೇ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಿದ್ದ. ಕುರಿ ಸಾಕಿಕೊಂಡು, ಸ್ವಲ್ಪ ಹೊಲ ಮಾಡಿಕೊಂಡಿರುವ ಬೀರಪ್ಪ ದೇವರ ಒಕ್ಕಲಿನವನು. ಹಾಲಿನ ಕ್ಯಾನಿನ ಮೇಲೆ ಹೆಸರು ಕೊರೆಸಿಕೊಳ್ಳಲು ಬಂದು ಒಮ್ಮೆ ಮನ್ಮಥಪ್ಪನವರ ಉಪದೇಶ ಕೇಳಿದ್ದ. ಅವನು ಜೋಳದ ರೊಟ್ಟಿ ಮುರಿದು, ಮೇಲೆ ಹಿಂಡಿಪಲ್ಯೆ ಇಟ್ಟು ಮುಂದೆ ಚಾಚಿದ.

"ತಗೋರಿ ಸಾವಕಾರ್ರ."

ಮನ್ಮಥಪ್ಪನವರು ರೊಟ್ಟಿ ನೋಡಿದರು. ಕಣ್ಣಲ್ಲಿ ನೀರು ಬಂತು. "ಇಲ್ಲಪ್ಪ ಮಲ್ಲಣ್ಣ. ಒಂದು ಕೆಲಸ ಆಗಬೇಕಾಗ್ಯಾದ. ಅದು ಆಗೋತನಕ ನೀರೂ ಮುಟ್ಟಂಗಿಲ್ಲ."

ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮಲ್ಲಣ್ಣ ಬಾಯಲ್ಲಿದ್ದ ತುತ್ತನ್ನು ನಾಚಿಕೆಯಿಂದ ನುಂಗಿ, ಬುತ್ತಿ ಕಟ್ಟಿ, ಗೇಟಿನ ಚಹಾದವನಿಗೆ ಹೋಗಿ ಹೇಳಿದ. ಚಹಾದವನು ತನ್ನ ಗಿರಾಕಿಗಳಿಗೆ ಹೇಳಿದ. ಗಿರಾಕಿಗಳಲ್ಲಿ ಶೈಲೇಶನಿದ್ದ.

ಶೈಲೇಶನ ಉದ್ಯೋಗ ಫ್ಲೆಕ್ಸ್ ಬ್ಯಾನರು ಛಾಪಿಸುವುದು, ಹವ್ಯಾಸ ಜನನಾಯಕನಾಗುವುದು. ಹುಟ್ಟುಹಬ್ಬವಿರಲಿ, ಶ್ರದ್ಧಾಂಜಲಿಯಿರಲಿ, ಊರಿನ ಪ್ರತಿ ಬ್ಯಾನರಿನ ಕೆಳಮೂಲೆಯಲ್ಲಿ ಅವನು ಕೈಮುಗಿದು ನಿಂತಿರುತ್ತಿದ್ದ. ಅವನು ಬಂದು ಕಾಲು ಮುಟ್ಟಿದ.

"ಕಾಕಾ, ಊಟ ಬಿಟ್ಟು ಎಷ್ಟೊತ್ತಾತು?"

"ನಿನ್ನಿ ರಾತ್ರಿ ಉಂಡಿದ್ದು."

"ಒಬ್ಬರೇ ಕುಂತೀರಿ. ನಮಗೊಂದು ಮಾತು ಹೇಳಬಾರದೇನ್ರಿ?"

"ಇದು ಅಂಥಾದ್ದಲ್ಲಪ್ಪ. ಇದು ನನ್ನ ಸ್ವಂತ ವಿಷಯ."

"ದೊಡ್ಡವರು ಹಿಂಗೇ ಅಂತಾರ," ಎಂದು ಶೈಲೇಶ ಸುತ್ತಲಿದ್ದವರಿಗೆ ಹೇಳಿದ. "ಊರಿನ ಕೆಲಸಾನ ಸ್ವಂತ ಕೆಲಸ ಅಂತ ತಿಳ್ಕೊಂಡಾರ."

ಅಲ್ಲಿಂದ ಮುಂದೆ ಎಲ್ಲ ತನ್ನಷ್ಟಕ್ಕೇ ನಡೆಯಿತು. ಶಾಮಿಯಾನ ಬಂತು, ಮೈಕು ಬಂತು, ಕೊರಳಿಗೆ ಝೇಂಡು ಹೂವಿನ ಹಾರ ಬಂತು. ಮನ್ಮಥಪ್ಪನವರು ಏಳಲು ನೋಡಿದಾಗಲೆಲ್ಲ ಇಬ್ಬರು ಭುಜ ಹಿಡಿದು, ಶಕ್ತಿ ಹಾಳು ಮಾಡಿಕೊಳ್ಳಬೇಡಿರೆಂದು ಕೂರಿಸಿದರು. ನಿಲಂಗಾದ ಬಸ್ಸು ಹಾರ್ನು ಹೊಡೆಯುತ್ತ ಅವರ ಕಣ್ಣೆದುರಿಗೇ ದಾಟಿಹೋಯಿತು. ಬ್ಯಾನರು ಕಟ್ಟುವಾಗ ಮಾತ್ರ ಒಂದು ತೊಡಕು ಬಂತು. ಉಪೋಷಣ ಏತಕ್ಕೆ ಎಂದು ಬರೆಯಬೇಕಲ್ಲ.

"ಕುರಿ ಮೇಯ್ಸಾಕ ಜಾಗ ಅಂತ ಬರೀರಿ," ಎಂದ ಮಲ್ಲಣ್ಣ. ನಳಕ್ಕೆ ದಿನಾ ನೀರು ಎಂದರು ಒಬ್ಬರು. ನಳದ ಕಟ್ಟೆಯ ಹತ್ತಿರ ಮನೆಯಿದ್ದವರು, ಈಗ ಬರುವ ನೀರಿಗೇ ನಿದ್ದೆ ಕೆಡುತ್ತದೆ ಎಂದು ಬೇಡವೆಂದರು. ಬೀದಿನಾಯಿ ಹಿಡಿಸುವುದು ಎಂದಾಗ ನಾಯಿಗೆ ಅನ್ನ ಹಾಕುವವರಿಬ್ಬರು ಎದ್ದು ನಿಂತರು. ಪ್ರತಿ ಬೇಡಿಕೆಗೂ ಯಾರಾದರೂ ಒಬ್ಬರು ಅಡ್ಡ ಬರುತ್ತಿದ್ದರು. ಕೊನೆಗೆ ಗುಂಪಿನ ಹಿಂದಿನಿಂದ ಕಲ್ಯಾಣಪ್ಪನ ದನಿ ಕೇಳಿತು. ಸುದ್ದಿ ತಿಳಿದು, ಅಂಗಡಿ ಬಿಟ್ಟು ಓಡಿಬಂದಿದ್ದ.

"ಓಣ್ಯಾಗಿನ ಅತಿಕ್ರಮಣ ತಗಸ್ಬೇಕು ಅನ್ರಿ. ಹಾದಿ ಸಣ್ಣದಾಗಿ ಹೋಗ್ಯಾದ."

ಒಬ್ಬರೂ ಅಡ್ಡ ಬರಲಿಲ್ಲ. ಅತಿಕ್ರಮಣ ಎಂದ ತಕ್ಷಣ ಪ್ರತಿಯೊಬ್ಬರಿಗೂ ಎದುರು ಮನೆಯವನ ಮೆಟ್ಟಿಲು ಕಣ್ಣಿಗೆ ಕಟ್ಟಿತು. ತನ್ನ ಮೆಟ್ಟಿಲು ಮಾತ್ರ ಮೆಟ್ಟಿಲು. ಇಡೀ ಊರಿಗೆ ಒಂದೇ ಮನಸ್ಸು ಬಂದದ್ದು ಅದೇ ಮೊದಲು. ಮನ್ಮಥಪ್ಪನವರಿಗೆ ಎಷ್ಟೇ ಸೋತಿದ್ದರೂ ಕಲ್ಯಾಣಪ್ಪನ ಕಟ್ಟೆಯ ಮೇಲೆ ಹೊಲಿಗೆ ಯಂತ್ರ ಓಣಿಗೆ ಮೂತಿ ಚಾಚಿ ನಿಂತಿರುವುದು ನೆನಪಾಯಿತು. ತೆಗೆದರೆ ಒಳ್ಳೆಯದೇ ಎನ್ನಿಸಿ ತಲೆಯಾಡಿಸಿದರು. ಕಲ್ಯಾಣಪ್ಪನೂ ಅವರನ್ನೇ ನೋಡುತ್ತ, ಅಷ್ಟೇ ಗಂಭೀರವಾಗಿ ತಲೆಯಾಡಿಸಿದ. ಬ್ಯಾನರು ಏರಿತು. ಮೇಲೆ ಬೇಡಿಕೆ, ನಡುವೆ ಮನ್ಮಥಪ್ಪನವರ ಹಳೆಯ ಫೋಟೊ, ಕೆಳಮೂಲೆಯಲ್ಲಿ ಶೈಲೇಶ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವರಿಗೆ ತಾಳಲಾಗಲಿಲ್ಲ. ನಾಲಿಗೆ ಅಂಟಿಕೊಂಡಿತ್ತು, ಪಕ್ಕೆ ಚುಚ್ಚುತ್ತಲೇ ಇತ್ತು. ಸತ್ಯ ಹೇಳಿ ಎದ್ದು ಹೋಗುವುದೇ ಸರಿಯೆಂದು ನಿರ್ಧಾರ ಮಾಡಿದರು. ಊರು ನಗಲಿ, ಕಲ್ಯಾಣಪ್ಪ ಕುಣಿಯಲಿ, ಜೀವ ಉಳಿಯಬೇಕು. ಮೈಕು ಕೇಳಿದರು. ಶೈಲೇಶ ತಂದು ಬಾಯಿಗೆ ಹಿಡಿದ.

"ನಾ ಖರೇ ಹೇಳ್ತೀನಿ," ಎಂದು ಎದೆಯ ಮೇಲೆ ಕೈಯಿಟ್ಟರು. ಕೈ ಸ್ವಲ್ಪ ಎಡಕ್ಕೆ ಜಾರಿತು. ಜಾರಿದಲ್ಲಿ ಅಂಗಿಯ ಕೆಳಗೆ ಗಟ್ಟಿಯಾದುದೇನೋ ಸಿಕ್ಕಿತು. ಗುಂಡಗೆ, ನುಣ್ಣಗೆ.

ಆಗ ಎಲ್ಲ ನೆನಪಾಯಿತು. ಬೆಳಿಗ್ಗೆ ಸ್ನಾನಕ್ಕೆ ಹೋಗುವಾಗ ಶಿವದಾರ ಹರಿದಿತ್ತು. ಹೊಸ ದಾರ ತರುವವರೆಗೆ ಇರಲಿ ಎಂದು ಗುಂಡಗಡಗಿಯನ್ನು ತಾವೇ ಗೂಟದಲ್ಲಿದ್ದ ಒಳಂಗಿಯ ಕಳ್ಳಕಿಸೆಗೆ ಹಾಕಿದ್ದರು. ಅದೇ ಗಳಿಗೆಗೆ ನಳ ಬಂದಿತ್ತು. ಆ ಕಳ್ಳಕಿಸೆಯನ್ನು ಹೊಲಿದುಕೊಟ್ಟವನು ಕಲ್ಯಾಣಪ್ಪ, ಯಾವ ಜೇಬುಗಳ್ಳನಿಗೂ ಸಿಗುವುದಿಲ್ಲ ಎಂದು ಹೇಳಿಯೇ ಕೊಟ್ಟಿದ್ದ.

ಮನ್ಮಥಪ್ಪನವರ ಮುಖ ಅರಳಿತು. ಇನ್ನು ಯಾವುದನ್ನೂ ಒಪ್ಪಿಕೊಳ್ಳುವ ಕಾರಣವಿರಲಿಲ್ಲ. "ನಂದು ಉಪೋಷಣ ಅಲ್ರಿ," ಎಂದರು ಮೈಕಿನಲ್ಲಿ. "ನನ್ನ ಕೆಲಸ ಆತು. ನಾ ಮನಿಗಿ ಹೋಗಿ ಊಟ ಮಾಡ್ತೀನಿ."

ಗುಂಪಿನಲ್ಲಿ ಗುಜುಗುಜು ಎದ್ದಿತು. ಸಾಹೇಬರು ಇನ್ನೂ ಕಚೇರಿಯಿಂದ ಹೊರಗೇ ಬಂದಿಲ್ಲ, ಕೆಲಸ ಹೇಗಾಯಿತು?

"ಸೆಟಿಂಗ್ ಆಗ್ಯಾದ," ಎಂದರು ಯಾರೋ.

"ಈಗ ಕಿಸೆ ಮ್ಯಾಲ ಕೈ ಇಟ್ಕೊಂಡು ನಕ್ಕಿದ್ದು ನಾ ನೋಡೀನಿ," ಎಂದ ಚಹಾದವನು.

ಶೈಲೇಶ ಕಿವಿಯ ಹತ್ತಿರ ಬಗ್ಗಿದ. "ಕಾಕಾ, ಹಿಂಗ ಎದ್ದು ಹೋದ್ರ ನಾಳಿಂದ ನಿಮ್ಮ ಅಂಗಡಿ ಕಟ್ಟಿ ಯಾರೂ ಹತ್ತಂಗಿಲ್ಲ. ಎದಕ್ಕ ಊಟ ಬಿಟ್ಟಿದ್ರಿ, ಎದಕ್ಕ ಮಾಡ್ತೀರಿ, ಅಷ್ಟು ಹೇಳಿ ಹೋಗ್ರಿ."

ಹೇಳಿದರೆ ಆ ಕ್ಷಣವೇ ಬಿಡುಗಡೆ. ಲಿಂಗ ಕಳೆದಿತ್ತು, ಸಿಕ್ಕಿತು ಎಂದರೆ ಮುಗಿಯಿತು. ಮನ್ಮಥಪ್ಪನವರು ಬಾಯಿ ತೆರೆದರು. ಮುಂದಿನ ಸಾಲಿನಲ್ಲಿ ಕಲ್ಯಾಣಪ್ಪ ಕತ್ತು ಮುಂದೆ ಚಾಚಿ, ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತವನ ಹಾಗೆ ಕಾಯುತ್ತಿದ್ದ. ಬಾಯಿ ಮುಚ್ಚಿದರು. ಸತ್ಯವನ್ನು ಯಾರೆದುರಿಗಾದರೂ ಹೇಳಬಹುದು, ನಿನ್ನೆ ಮೊನ್ನೆ ಅದೇ ಸತ್ಯದಿಂದ ಯಾರನ್ನು ಹೊಡೆದಿದ್ದೇವೋ ಅವನೆದುರು ಹೇಳುವುದು ಕಷ್ಟ.

"ಊರ ಸಲುವಾಗಿ ಕುಂಡ್ರತೀನಿ," ಎಂದು ಕುಳಿತರು. ಚಪ್ಪಾಳೆ ಬಿತ್ತು. ಲಿಂಗ ಪಕ್ಕೆಯಲ್ಲಿತ್ತು, ಊಟ ಮಾಡುವ ಹಕ್ಕು ಪೂರ್ತಿ ಇತ್ತು, ಊಟ ಮಾತ್ರ ಇರಲಿಲ್ಲ. ಕಳೆದಾಗ ಇದ್ದ ಹಸಿವಿಗಿಂತ ಸಿಕ್ಕ ಮೇಲಿನ ಹಸಿವು ಜಾಸ್ತಿ ಸುಡುತ್ತಿತ್ತು.

ಸಾಹೇಬರು ಹೊರಗೆ ಬಂದದ್ದು ನಾಲ್ಕು ಗಂಟೆಯ ಚಹಾ ಕುಡಿದ ಮೇಲೆ. ಅತಿಕ್ರಮಣ ತೆಗೆಯಿರಿ ಎಂದು ಮೇಲಿನವರು ಬಹಳ ದಿನದಿಂದ ಹಿಂದೆ ಬಿದ್ದಿದ್ದರು, ಜನರ ಹೆದರಿಕೆಗೆ ಇವರು ಮುಂದೂಡುತ್ತ ಬಂದಿದ್ದರು. ಈಗ ಜನರೇ ಅನ್ನ ಬಿಟ್ಟು ಅದನ್ನೇ ಕೇಳುತ್ತಿದ್ದಾರೆಂದು ತಿಳಿದು ಅವರಿಗೆ ಮನ್ಮಥಪ್ಪನವರನ್ನು ಅಪ್ಪಿಕೊಳ್ಳುವಷ್ಟು ಸಂತೋಷವಾಗಿತ್ತು.

"ಬಘಾ ಕಾಕಾ, ತುಮ್ಚಿ ಮಾಗಣಿ ಮಾನ್ಯ," ಎಂದರು ಮರಾಠಿಯಲ್ಲಿ. ಗುಂಪಿನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು. "ಇವರ ಬೇಡಿಕಿ ಒಪ್ಪೀನಿ. ಜೆಸಿಬಿ ಇಲ್ಲೇ ನಿಂತದ. ಇವತ್ತೇ ಚಾಲೂ ಮಾಡ್ತೀವಿ, ಇವರ ಕೈಯಿಂದನೇ ಕಾಯಿ ಒಡಸ್ತೀವಿ."

ನಿಂಬೆಹಣ್ಣಿನ ಶರಬತ್ತಿನ ಜಗ್ಗು ಬಂತು. ಮನ್ಮಥಪ್ಪನವರು ಒಂದೇ ಉಸಿರಿಗೆ ಒಂದು ಲೋಟ ಕುಡಿದರು, ಇನ್ನೊಂದಕ್ಕೆ ಕೈ ಚಾಚುವಷ್ಟರಲ್ಲಿ ಜನ ಅವರನ್ನು ಎತ್ತಿಕೊಂಡು ಹೊರಟಿದ್ದರು. ಹಲಗೆಯ ಸದ್ದಿನಲ್ಲಿ, ಮುಂದೆ ಜೆಸಿಬಿ, ಹಿಂದೆ ಮೆರವಣಿಗೆ, ಓಣಿಯ ಬಾಯಿಗೆ ಬಂದು ನಿಂತಿತು. ಓಣಿಯ ಮೊದಲ ಅಂಗಡಿ ಮನ್ಮಥಪ್ಪನವರದು.

ಅದು ಅವರಿಗೆ ಹೊಳೆದದ್ದು ತೆಂಗಿನಕಾಯಿ ಕೈಗೆ ಬಂದ ಮೇಲೆ.

"ಸಾಹೇಬ್ರ, ಆ ಕಡಿಂದ ಚಾಲೂ ಮಾಡಿದ್ರ ಹೆಂಗ?" ಎಂದು ಎದುರು ಅಂಗಡಿ ತೋರಿಸಿದರು.

"ಛೆ, ಕಾಕಾ. ಕೇಳಿದವರ ಬಾಗಲಿಂದ ಸುರು ಮಾಡಿದ್ರ ನಾಳಿ ಯಾರೂ ತಕರಾರು ಮಾಡಂಗಿಲ್ಲ. ನಿಮ್ಮಂಥವರು ಊರಿಗೆ ಒಬ್ಬರು ಇದ್ರ ನಮ್ಮ ನೌಕರಿ ಹಗುರ ಆಗ್ತದ."

ಎಲ್ಲರೂ ಹೌದೆಂದರು. ಎಲ್ಲರಿಗಿಂತ ಜೋರಾಗಿ ಕಲ್ಯಾಣಪ್ಪ ಅಂದ. ಮನ್ಮಥಪ್ಪನವರು ಕಾಯಿ ಒಡೆದರು. ಒಡೆದು, ಕಟ್ಟೆಯ ಮೇಲಿನ ಕೊಡಗಳನ್ನಾದರೂ ಉಳಿಸೋಣವೆಂದು ಓಡಿ ಅಂಗಡಿ ಏರಿ, ಒಂದೊಂದಾಗಿ ಒಳಕ್ಕೆ ಎಳೆದುಕೊಂಡರು. ಕೊನೆಯ ಹಂಡೆ ಒಳಗೆ ಬರುವುದಕ್ಕೂ ಹೊರಗೆ ದಡಲ್ ಎನ್ನುವುದಕ್ಕೂ ಸರಿಹೋಯಿತು. ಧೂಳು ಇಳಿದಾಗ ಕಟ್ಟೆ ಇರಲಿಲ್ಲ, ತಗಡು ಇರಲಿಲ್ಲ, ಮೆಟ್ಟಿಲೂ ಇರಲಿಲ್ಲ. ಎದೆಮಟ್ಟದ ಮೇಲೆ, ಪಾತ್ರೆಗಳ ನಡುವೆ, ಹಾರ ಹಾಕಿಕೊಂಡ ಮನ್ಮಥಪ್ಪನವರು ಮಾತ್ರ ಇದ್ದರು. ಅವರ ಮೊಣಕಾಲಿಗೆ ಅಷ್ಟೆತ್ತರದಿಂದ ಹಾರುವ ವಯಸ್ಸಾಗಿರಲಿಲ್ಲ, ದಾಟಿತ್ತು.

ಜೆಸಿಬಿ ಮೂತಿ ತಿರುಗಿಸಿ ಎದುರಿಗೆ ಹೊರಟಿತು. ಆದರೆ ಡ್ರೈವರ್ ಯಾಕೋ ತಡೆದ. ಕಚೇರಿಯಿಂದ ಫೋನು ಬಂದಿತ್ತು. ಕಲ್ಯಾಣಪ್ಪ ಆ ಧೂಳಿನಲ್ಲಿ ಯಾರ ಕಣ್ಣಿಗೂ ಬೀಳದೆ ಬೇವಿನ ಮರದ ಕೆಳಗೆ ಹೋಗಿ, ಅದೇ ಸತರಂಜಿಯ ಮೇಲೆ ಕುಳಿತು, ಬಡವರ ಮೆಟ್ಟಿಲು ಒಡೆಯುವುದನ್ನು ನಿಲ್ಲಿಸುವವರೆಗೆ ನೀರೂ ಮುಟ್ಟುವುದಿಲ್ಲ ಎಂದು ಘೋಷಿಸಿದ್ದ. ಮೆಟ್ಟಿಲಿದ್ದವರೆಲ್ಲ, ಎಂದರೆ ಮೆರವಣಿಗೆಯಲ್ಲಿ ಬಂದವರೆಲ್ಲ, ಓಡಿಹೋಗಿ ಅವನ ಸುತ್ತ ಕುಳಿತರು. ಶೈಲೇಶ ಬ್ಯಾನರನ್ನು ತಿರುಗಿಸಿ ಕಟ್ಟಿದ. ಮನೆಗೆ ಹೊರಟಿದ್ದ ಸಾಹೇಬರಿಗೆ ಒಂದೇ ದಿನ ಎರಡು ಉಪೋಷಣ ಹೆಚ್ಚಾಯಿತು. ಕೆಲಸ ನಿಲ್ಲಿಸುತ್ತೇವೆಂದು ನಿಂತಲ್ಲೇ ಮಾತು ಕೊಟ್ಟರು. ಕಲ್ಯಾಣಪ್ಪ ಜಗ್ಗಿನಲ್ಲಿ ಉಳಿದಿದ್ದ ಶರಬತ್ತು ಕುಡಿದು ಎದ್ದ. ಬಾಯಾರಿಕೆಯಾಗುವಷ್ಟು ಹೊತ್ತೂ ಅವನು ಕುಳಿತಿರಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅವನು ಒಂದು ಸ್ಟೀಲ್ ತಂಬಿಗೆ ಹಿಡಿದು ಅಂಗಡಿಯ ಕೆಳಗೆ ಬಂದು ನಿಂತ. ಈಗ ಓಣಿ ಆ ಮಗ್ಗುಲಿಗೆ ಅಗಲವಾಗಿತ್ತು, ಅವನ ಬೈಕು ನಿಲ್ಲಿಸಲು ಹೇಳಿ ಮಾಡಿಸಿದ ಹಾಗೆ.

"ಇದರ ಮ್ಯಾಲ ಸಾಹೇಬರ ಹೆಸರು ಕೊರದು ಕೊಡ್ರಿ. ಕಾಣಿಕಿ ಕೊಡಬೇಕಾಗ್ಯಾದ."

"ಮೊದಲ ನನ್ನ ಕೆಳಗ ಇಳಸ್ರಿ," ಎಂದರು ಮನ್ಮಥಪ್ಪನವರು.

"ಇಳಸೋಣ್ರಿ. ಹೆಸರು ಕೊರೀರಿ, ಅಷ್ಟೊತ್ತಿಗಿ ನಿಚ್ಚಣಿಕಿ ತರ್ತೀನಿ. ಕೊರಿಯೋವಾಗ ಆ ಕಲಾಯಿ ಮಾತು ಒಂದೀಟು ಹೇಳ್ರಿ, ಕೇಳಿ ಭಾಳ ದಿನ ಆತು."

ಮನ್ಮಥಪ್ಪನವರು ಯಂತ್ರ ಹಚ್ಚಿದರು. ಉಪದೇಶವಿಲ್ಲದೆ ಅವರು ಕೊರೆದ ಮೊದಲ ಹೆಸರು ಅದು.

ಕಲ್ಯಾಣಪ್ಪ ನಿಚ್ಚಣಿಕೆ ಹುಡುಕಲು ಹೋದ ಮೇಲೆ ಮೀರಾಬಾಯಿ ಬಂದರು. ಕೆಳಗೆ ನಿಂತು ಕೈ ಎತ್ತಿ ಡಬ್ಬಿ ಕೊಟ್ಟರು. ಬೆಳಗಿನ ಸುಶೀಲಾ ಆರಿ, ಒಣಗಿ, ಡಬ್ಬಿಗೆ ಅಂಟಿತ್ತು. ಮನ್ಮಥಪ್ಪನವರು ಮೊದಲ ತುತ್ತನ್ನು ಕಣ್ಣು ಮುಚ್ಚಿ ತಿಂದರು. ಇಷ್ಟು ರುಚಿ ಯಾವತ್ತೂ ಹತ್ತಿರಲಿಲ್ಲ.

"ಹರಕಿ ತೀರ್ತೇನ್ರಿ?"

"ತೀರ್ತು."

ಮೀರಾಬಾಯಿ ಸೆರಗಿನ ಗಂಟು ಬಿಚ್ಚಿ ಏನನ್ನೋ ಮೇಲಕ್ಕೆ ಚಾಚಿದರು. ಹೊಸ ಶಿವದಾರ.

"ಮುಂಜಾನೇನೇ ತಂದಿಟ್ಟಿದ್ದೆ. ಹಳೇದು ಹರದಿತ್ತಲ್ರಿ. ಗುಂಡಗಡಗಿ ನೀವು ಒಳಂಗಿ ಕಿಸೇದಾಗ ಹಾಕೋದು ನೋಡಿದ್ದೆ. ದಾರ ಕೇಳ್ತೀರಿ ಅಂತ ಹಾದಿ ನೋಡಿದೆ, ಕೇಳದನೇ ಹೋಗಿಬಿಟ್ರಿ."